ಇಲಿಗೆ ವಾಸಿಯಾದರೆ ನಮಗೂ ವಾಸಿಯೇ?

(ಬೇತಮಂಗಲದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದು ಬರೆದಿರುವುದನ್ನು ನಾವು ಈಗೀಗ ಹೆಚ್ಚಾಗಿ ನೋಡುತ್ತಿದ್ದೇವೆ. ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿದೆ ಎಂದರ್ಥ. "ಸಿಸ್ಟರ್, ನಾನು ಒಂದು ಹನಿ ಕುಡಿದವಳಲ್ಲ, ಮನೇಲಿ ಏನಂದ್ಕೋತಾರೆ?" ಎನ್ನುವುದೇ ಮೊದಲ ಅಳಲು. ಕುಡಿಯದವರಿಗೂ ಇದು ಬರುತ್ತದಮ್ಮ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇದ್ದವರಿಗೆ ಹೆಚ್ಚು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದ್ರೋಗ ತಡೆಯುವ ತನ್ನ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ಇದನ್ನೂ ಸೇರಿಸಿತು. ನಾಚಿಕೆಪಡುವ ಕಾಯಿಲೆ ಅಲ್ಲ.

ಎರಡನೆಯ ಮಾತು ಔಷಧಿಯದು. "ಲ್ಯಾಬಿನಲ್ಲಿ ಪರೀಕ್ಷೆ ಆಗಿದೆಯಂತೆ" ಎಂದು ಯಾವುದೋ ಲಿವರ್ ಪುಡಿಗೆ ಸಂಘದ ಸಾಲ ಕೇಳುವವರಿದ್ದಾರೆ. ಆ ಲ್ಯಾಬಿನಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡೋಣ.

ಮನುಷ್ಯರಲ್ಲಿ ಈ ಕಾಯಿಲೆ ಬೆಳೆಯಲು ವರ್ಷಗಟ್ಟಲೆ ಬೇಕು. ಬದುಕಿರುವವರ ಲಿವರನ್ನು ದಿನಾ ತೆಗೆದು ನೋಡೋಕಾಗಲ್ಲ. ಅದಕ್ಕೇ ಇಲಿಗಳಿಗೆ ಕಾಯಿಲೆ ಬರಿಸುತ್ತಾರೆ. ಕೊಬ್ಬು, ಸಕ್ಕರೆ ಹೆಚ್ಚಿರುವ ಆಹಾರ ತಿಂಗಳುಗಟ್ಟಲೆ ತಿನ್ನಿಸಿದರೆ ಇಲಿ ದಪ್ಪಗಾಗಿ, ಲಿವರಿನಲ್ಲಿ ಕೊಬ್ಬು ಸೇರುತ್ತದೆ, ನಮ್ಮ ಹಾಗೆಯೇ! ಇನ್ನೊಂದು ವಿಧಾನದಲ್ಲಿ ಮೆಥಿಯೋನಿನ್, ಕೋಲಿನ್ ಎಂಬ ಪೋಷಕಾಂಶಗಳಿಲ್ಲದ ಆಹಾರ ಕೊಡುತ್ತಾರೆ. ಕೆಲವೇ ವಾರಗಳಲ್ಲಿ ಲಿವರ್ ಕೊಬ್ಬುಗಟ್ಟಿ ಉರಿಯೂತ ಬರುತ್ತದೆ. ಆದರೆ ಇಲಿ ದಪ್ಪಗಾಗುವುದಿಲ್ಲ, ಸೊರಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಕಾಯಿಲೆ ಬರುವುದು ಹೀಗಲ್ಲವಲ್ಲ.

ಆದ್ದರಿಂದ ಮನುಷ್ಯರ ಲಿವರ್ ಕೋಶಗಳನ್ನೇ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪ್ರಯತ್ನವೂ ಇದೆ. ನಮ್ಮವರು ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೆಲಸಕ್ಕೆ ಹೋಗುವ ಬೆಂಗಳೂರಿನಲ್ಲೇ, ಪ್ಯಾಂಡೋರಂ ಎಂಬ ಕಂಪನಿ ಲಿವರಿನಂಥ ಪುಟ್ಟ ಅಂಗಾಂಶವನ್ನು ತ್ರೀಡಿ ಪ್ರಿಂಟಿಂಗಿನಿಂದ ತಯಾರಿಸಿದ್ದಾಗಿ 2015ರಲ್ಲಿ ಪ್ರಕಟಿಸಿತು. ಹೊಸ ಔಷಧಿಗಳನ್ನು ಪರೀಕ್ಷಿಸಲು ಇಂಥದ್ದು ಉಪಯೋಗಕ್ಕೆ ಬರುತ್ತದೆ. ಪ್ರಾಣಿಗಳ ಬದಲು ಇಂಥ ವಿಧಾನಗಳಿಗೂ 2023ರಲ್ಲಿ ನಮ್ಮ ದೇಶದ ನಿಯಮದಲ್ಲಿ ಅವಕಾಶವಾಯಿತು. ನಮಗೆ ಇದು ಸಂತೋಷದ ಸಂಗತಿ. ಹಾಗಂತ ಆ ತುಣುಕೂ ಪೂರ್ತಿ ಮನುಷ್ಯ ಅಲ್ಲ. ಅದಕ್ಕೆ ಕರುಳಿಲ್ಲ, ಹಸಿವಿಲ್ಲ, ಸಕ್ಕರೆ ಕಾಯಿಲೆ ಇಲ್ಲ.

ಎಲಾಫಿಬ್ರನಾರ್ ಎಂಬ ಔಷಧಿ ಇಲಿಗಳಲ್ಲಿ ಒಳ್ಳೆಯ ಫಲ ಕೊಟ್ಟಿತ್ತು. 2020ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ನೋಡಿದಾಗ, ಔಷಧಿಯೇ ಇಲ್ಲದ ಉತ್ತುತ್ತ ಗುಳಿಗೆಗಿಂತ ಖಚಿತವಾಗಿ ಮೇಲೆಂದು ತೋರಲಿಲ್ಲ. ಲಿವರಿನಲ್ಲಿ ಕಲೆಗಟ್ಟಿದವರಿಗೆ ರೆಸ್ಮೆಟಿರೋಮ್ ಎಂಬ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಅದೂ ಪಥ್ಯ, ವ್ಯಾಯಾಮದ ಜೊತೆಗೆ.

ಆದ್ದರಿಂದ ಪುಡಿ ಮಾರುವವರು ಬಂದರೆ ಕೇಳಿ: ಪರೀಕ್ಷೆ ಇಲಿ ಮೇಲೋ, ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ? ತೂಕ ಇಳಿಸುವುದನ್ನಂತೂ ಮನುಷ್ಯರಲ್ಲೇ ಪರೀಕ್ಷಿಸಿ ನೋಡಿದ್ದಾರೆ. 70 ಕಿಲೋ ಇರುವವರು ನಿಧಾನವಾಗಿ 5ರಿಂದ 7 ಕಿಲೋ ಇಳಿಸಿದರೆ ಲಿವರಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ. ಮುದ್ದೆ ಬಿಡಬೇಕಿಲ್ಲ, ಗಾತ್ರ ಸಣ್ಣದಾಗಲಿ. ಸೊಪ್ಪು ಹೆಚ್ಚಿರಲಿ, ಟೀಗೆ ಸಕ್ಕರೆ ಕಡಿಮೆಯಾಗಲಿ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಮುಂದಿನ ಸಭೆಗೆ ತೂಕದ ಯಂತ್ರ ತರುತ್ತೇವೆ. ರಿಪೋರ್ಟ್ ಇದ್ದವರು ಮನೆಯಲ್ಲಿ ಮುಚ್ಚಿಡದೆ ಜೊತೆಗೆ ತನ್ನಿ.