ನಟೋರಿಯಸ್ ಊರಿನ ಹುಡುಗ

ವೀಕ್ಷಕರೇ, 2017ರ ಮೇ ತಿಂಗಳು ನೆನಪಿದೆಯಾ? ಸಂಸದ ಶಶಿ ತರೂರ್ ತಮ್ಮ ಬಗ್ಗೆ ಬಂದ ಟಿವಿ ವರದಿಗೆ ಟ್ವಿಟರ್‌ನಲ್ಲಿ ಉತ್ತರ ಕೊಟ್ಟರು. ಅದರಲ್ಲಿ 'ಫರಾಗೊ' ಅನ್ನೋ ಒಂದು ಪದ. ಜನ ಡಿಕ್ಷನರಿ ತೆಗೆದು ಕೂತರು. ಚಾನೆಲ್‌ನವರಾದ ನಾವೂ ಕೂತೆವು, ಸುಳ್ಳು ಹೇಳಲ್ಲ.

ಕೊನೆಗೆ ಏನದು? ಕಲಸುಮೇಲೋಗರ ಅಂತ ಅರ್ಥ. ಲ್ಯಾಟಿನ್‌ನಲ್ಲಿ ಅದರ ಮೂಲ, ದನಕ್ಕೆ ಹಾಕುವ ಬೆರಕೆ ಮೇವು! ನಮ್ಮ ಹಳ್ಳಿ ಹುಡುಗರು ದಿನಾ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನೋಡೋ ಮೇವು, ಇಂಗ್ಲಿಷಿನ ಕೋಟು ಹಾಕಿಕೊಂಡು ಬಂದ ಕೂಡಲೇ ಎಲ್ಲರನ್ನೂ ಹೆದರಿಸಿಬಿಡ್ತು.

ಈ ಭಯ ನನಗೆ ಗೊತ್ತು. ನಾನು ಕನ್ನಡ ಮೀಡಿಯಂ. ಡಿಗ್ರಿ ಮುಗಿಸುವಾಗ ದಿನಕ್ಕೆ ಹತ್ತು ಪದ ಉರು ಹೊಡೆದೆ. ಮೊದಲ ಇಂಟರ್‌ವ್ಯೂನಲ್ಲಿ ನಿಮ್ಮೂರಿನ ಬಗ್ಗೆ ಹೇಳಿ ಅಂದರು. ನಮ್ಮೂರು ಜಾತ್ರೆಗೆ 'ನಟೋರಿಯಸ್' ಅಂದೆ. ನನ್ನ ಪಟ್ಟಿಯಲ್ಲಿ ಅದಕ್ಕೆ 'ಹೆಸರುವಾಸಿ' ಅಂತಿತ್ತು. ಕೆಟ್ಟದ್ದಕ್ಕೆ ಹೆಸರುವಾಸಿ ಅಂತ ಯಾರೂ ಹೇಳಿರಲಿಲ್ಲ. ಕೂತಿದ್ದ ಮೂವರೂ ನಕ್ಕರು. ಆಮೇಲೆ ಎಷ್ಟೋ ವರ್ಷ ಇಂಗ್ಲಿಷ್ ಮಾತಾಡುವವರ ಮುಂದೆ ನಾನು ಬಾಯಿ ಬಿಡಲಿಲ್ಲ.

ಪದವನ್ನು ಒಂಟಿಯಾಗಿ ಕಲಿತರೆ ಹೀಗೇ ಆಗೋದು. ಅದನ್ನು ವಾಕ್ಯದೊಳಗೆ ಕಲಿಯಬೇಕು. ಇಂಗ್ಲಿಷ್ ಪೇಪರಿನಲ್ಲಿ ನಟೋರಿಯಸ್ ಯಾರ ಪಕ್ಕ ಕೂರುತ್ತೆ ನೋಡಿ: ರೌಡಿ, ಕಳ್ಳ, ಸ್ಮಗ್ಲರ್. ನಾಲ್ಕು ಸಲ ಓದಿದರೆ ಜನ್ಮದಲ್ಲಿ ಮರೆಯಲ್ಲ.

ಇನ್ನೊಂದು ದಾರಿ ಇದೆ. ನಾರ್ಮನ್ ಲೂಯಿಸ್ ಬರೆದ 'ವರ್ಡ್ ಪವರ್ ಮೇಡ್ ಈಸಿ' 1949ರ ಪುಸ್ತಕ. ನಮ್ಮ ಫುಟ್‌ಪಾತ್ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತೆ. ಅದರ ಗುಟ್ಟು, ಪದದ ಬೇರು ಹಿಡಿಯೋದು. ಲ್ಯಾಟಿನ್‌ನಲ್ಲಿ 'ಮಾನುಸ್' ಅಂದರೆ ಕೈ. ಮ್ಯಾನ್ಯುವಲ್, ಮ್ಯಾನುಸ್ಕ್ರಿಪ್ಟ್, ಮ್ಯಾನಿಕ್ಯೂರ್ ಎಲ್ಲ ಅಲ್ಲಿಂದಲೇ ಬಂದವು. ಇದೇನು ನಮಗೆ ಹೊಸದಾ? 'ಹಸ್ತ' ಗೊತ್ತಿರುವ ಕನ್ನಡದ ಮಗು ಹಸ್ತಪ್ರತಿ, ಹಸ್ತಾಕ್ಷರ, ಹಸ್ತಾಂತರ ಎಲ್ಲವನ್ನೂ ಹೀಗೇ ತಾನೇ ಬಿಡಿಸೋದು? ಮ್ಯಾನುಸ್ಕ್ರಿಪ್ಟ್ ಅಂದರೂ ಹಸ್ತಪ್ರತಿಯೇ. ಅಲ್ಲೂ ಕೈ, ಇಲ್ಲೂ ಕೈ.

ಹಾಗಾಗಿ ಅಪ್ಪ ಅಮ್ಮಂದಿರೇ, ಮಗು ಕನ್ನಡ ಮೀಡಿಯಂ ಅಂತ ಕುಗ್ಗಬೇಡಿ. ದಿನಕ್ಕೆ ಹತ್ತು ಬೇಡ, ಎರಡು ಪದ ಸಾಕು. ಓದಲಿ, ತನ್ನದೇ ವಾಕ್ಯ ಬರೆಯಲಿ, ಅವತ್ತೇ ಯಾರ ಹತ್ತಿರವಾದರೂ ಬಳಸಲಿ. ತಪ್ಪಿದರೆ ತಿದ್ದಿ. ನಗಬೇಡಿ. ಒಂದು ನಗುವಿಗೆ ಎಷ್ಟು ವರ್ಷದ ಬೆಲೆ ತೆರಬೇಕು ಅಂತ ನನಗೆ ಗೊತ್ತು.