ಕೈಕೆಲಸವೂ ಕಾಣಿಕೆಯೇ
(ಕಾರ್ಮಿಕ ಸಂತ ಜೋಸೆಫರ ಹಬ್ಬ – ಮೇ 1. ಶುಭಸಂದೇಶ: ಮತ್ತಾಯ 13:54-58)



ನಮ್ಮ ಮಲೆನಾಡಿನಲ್ಲಿ ಮೇ ತಿಂಗಳ ಮೊದಲ ವಾರವೆಂದರೆ ಕೈಗೆ ಬಿಡುವಿಲ್ಲದ ವಾರ. ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಮಾಡಿನ ಒಡೆದ ಹೆಂಚು ಬದಲಾಯಿಸಬೇಕು, ಸೌದೆ ಒಳಗೆ ಸೇರಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು. ಹಿತ್ತಲಲ್ಲಿ ಅರಿಶಿನ, ಶುಂಠಿ, ಕೆಸುವಿನ ಗೆಡ್ಡೆ ನೆಡಲು ಮಡಿ ಮಾಡಬೇಕು. ತೋಟಕ್ಕೆ ನೀರು ತಪ್ಪಿಸುವಂತಿಲ್ಲ. ಅಂಗಳದಲ್ಲಿ ಹಲಸಿನ ಹಪ್ಪಳ, ಭರಣಿಯಲ್ಲಿ ಮಾವಿನಮಿಡಿ. ರಜೆಗೆಂದು ಮಕ್ಕಳು ಮೊಮ್ಮಕ್ಕಳು ಬಂದಿದ್ದಾರೆ. ಇತ್ತ ದೇವಾಲಯದಲ್ಲಿ ಬೇಸಿಗೆ ಶಿಬಿರ, ಪ್ರಥಮ ಪರಮಪ್ರಸಾದದ ಸಿದ್ಧತೆ, ಮಾತೆ ಮರಿಯಮ್ಮನವರ ತಿಂಗಳಾದ್ದರಿಂದ ಸಂಜೆಯ ಜಪಸರ. "ಫಾದರ್, ಈ ವಾರ ಪ್ರಾರ್ಥನೆಗೂ ಪುರುಸೊತ್ತಿಲ್ಲ" ಎನ್ನುವವರುಂಟು. ಇಂಥ ವಾರದಲ್ಲೇ ಧರ್ಮಸಭೆ ದುಡಿಯುವ ಸಂತನೊಬ್ಬನನ್ನು ನಮ್ಮ ಮುಂದೆ ನಿಲ್ಲಿಸುತ್ತದೆ.

1886ರ ಮೇ 1ರಂದು ಅಮೆರಿಕದ ಕಾರ್ಮಿಕರು ದಿನಕ್ಕೆ 8 ಗಂಟೆಯ ದುಡಿಮೆ ಸಾಕೆಂದು ಬೀದಿಗಿಳಿದರು. ಅಲ್ಲಿಂದ ಮುಂದೆ ಆ ದಿನ ಲೋಕದ ಕಾರ್ಮಿಕರ ದಿನವಾಯಿತು. 1955ರಲ್ಲಿ ಜಗದ್ಗುರು 12ನೇ ಪಯಸ್‌ರವರು ಅದೇ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ದುಡಿಮೆ ಎಂಬುದು ಬರೀ ಹೊಟ್ಟೆಪಾಡಲ್ಲ, ಅದಕ್ಕೊಂದು ಘನತೆಯಿದೆ ಎಂಬುದೇ ಈ ಹಬ್ಬದ ಸಂದೇಶ.

ಇಂದಿನ ಶುಭಸಂದೇಶವನ್ನು ಗಮನಿಸಿ. ನಜರೇತಿನವರು ಯೇಸುವಿನ ಬೋಧನೆಗೆ ಬೆರಗಾದರು. ಆದರೆ ಈತ ಬಡಗಿಯ ಮಗನೆಂಬುದು ನೆನಪಾದೊಡನೆ ಅವರ ಬೆರಗು ತಾತ್ಸಾರವಾಯಿತು. ಬಡಗಿ ಎಂದು ನಾವು ಓದುವ ಕಡೆ ಮೂಲ ಗ್ರೀಕ್ ಪದ 'ಟೆಕ್ಟೋನ್'. ಮರಗೆಲಸದವನಿಗೂ ಮನೆ ಕಟ್ಟುವವನಿಗೂ ಆ ಹೆಸರು ಸಲ್ಲುತ್ತಿತ್ತು. ಆ ಕಾಲದ ಗಲಿಲೇಯದ ಮನೆಗಳಿಗೆ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ರೆಂಬೆಕೊಂಬೆ ಹರಡಿ ಮಣ್ಣು ಮೆತ್ತಿದ ಮಾಡು. ಮಳೆಗಾಲಕ್ಕೆ ಮುಂಚೆ ಅದನ್ನು ದುರಸ್ತಿ ಮಾಡದಿದ್ದರೆ ಅಲ್ಲಿಯೂ ಮನೆ ಸೋರುತ್ತಿತ್ತು. 2ನೇ ಶತಮಾನದ ಸಂತ ಜಸ್ಟಿನ್, ಯೇಸು ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿದ್ದಾರೆ. ದೇವಪುತ್ರನ ಅಂಗೈ ಮೊಳೆಗಳಿಂದ ಗಾಯಗೊಳ್ಳುವ ಮೊದಲೇ ಉಳಿ ಸುತ್ತಿಗೆ ಹಿಡಿದು ಜಡ್ಡುಗಟ್ಟಿತ್ತು. ಆದ್ದರಿಂದ ಹೆಂಚು ಜೋಡಿಸುವ ಕೈಯನ್ನಾಗಲಿ, ಸಗಣಿ ಗೊಬ್ಬರ ಹೊರುವ ಕೈಯನ್ನಾಗಲಿ ಕೀಳೆಂದು ಕಾಣುವ ಹಕ್ಕು ಕ್ರೈಸ್ತರಿಗಿಲ್ಲ.

ಇಲ್ಲಿ ಮೂರು ಪ್ರಶ್ನೆಗಳನ್ನು ನಮ್ಮೆದೆಗೆ ನಾವೇ ಹಾಕಿಕೊಳ್ಳೋಣ.

ಒಂದು, ನಮ್ಮ ಮನೆಯ ಕೆಲಸ ಮಾಡುವವರು ಯಾರು? ಮಾಡು ಹತ್ತುವವರು, ತೋಟ ಅಗೆಯುವವರು ಬಹುಪಾಲು ಕೂಲಿಯವರು. ಬಡ ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಆಜ್ಞಾಪಿಸುತ್ತದೆ. ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾನೆ ಸಂತ ಯಕೋಬ. "ಚಿಲ್ಲರೆ ಇಲ್ಲ, ಶನಿವಾರ ಬಾ" ಎನ್ನುವಾಗ ಅವರ ಮನೆಯ ಅಕ್ಕಿಡಬ್ಬಿ ನಮ್ಮ ಕಣ್ಣ ಮುಂದೆ ಬರಲಿ. ಕೂಲಿ ಕೊಟ್ಟರಷ್ಟೇ ಸಾಲದು. ಮಧ್ಯಾಹ್ನ ಅವರಿಗೆ ಹಿಂಬಾಗಿಲಲ್ಲಿ ಬೇರೆ ತಟ್ಟೆಯೋ, ನಮ್ಮ ಪಂಕ್ತಿಯಲ್ಲೇ ಒಂದು ಎಲೆಯೋ? ಒಂದೇ ಪೂಜಾಪೀಠದಿಂದ ಒಂದೇ ರೊಟ್ಟಿ ಉಣ್ಣುವ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರೆವು.

ಎರಡು, ಈ ಕೆಲಸವೆಲ್ಲ ಯಾರಿಗಾಗಿ? ಮನೆಮಂದಿಗಾಗಿ ಎನ್ನುತ್ತೇವೆ. ಆದರೆ ಮನೆ ಸಿಂಗಾರವಾಗುವ ಗಡಿಬಿಡಿಯಲ್ಲಿ ಮನೆಮಂದಿಯೇ ಮರೆತುಹೋಗುವುದುಂಟು. ಮೂಲೆಯಲ್ಲಿ ಕುಳಿತ ಅಜ್ಜಿಯ ಜೊತೆ ಮಾತಾಡಲು ಯಾರಿಗೂ ಸಮಯವಿಲ್ಲ. ಮೊಮ್ಮಕ್ಕಳು ಮೊಬೈಲಿನೊಳಗೆ. ಹೊರಗಿನ ಕೆಲಸ ಸಂಜೆ ಆರಕ್ಕೆ ಮುಗಿದರೂ ಅಡುಗೆಮನೆಯ ತಾಯಂದಿರ ಕೆಲಸಕ್ಕೆ ಗಂಟೆಯೇ ಇಲ್ಲ. ಯೇಸು ಜೋಸೆಫರ ಕಸುಬು ಕಲಿತದ್ದು ಅವರ ಪಕ್ಕದಲ್ಲಿ ನಿಂತು. ಹಾಗೆಯೇ ನಮ್ಮ ಮಕ್ಕಳ ಕೈಗೂ ಒಂದು ಅರಿಶಿನದ ಗೆಡ್ಡೆ ಕೊಡಿ, ಮಡಿಯಲ್ಲಿ ನೆಡಲಿ. ಹಪ್ಪಳದ ಹದ ಅಜ್ಜಿಯಿಂದ ಕಲಿಯಲಿ. ರಾತ್ರಿ ಪಾತ್ರೆ ತೊಳೆಯಲು ಗಂಡಸರ ಕೈಯೂ ಸೇರಲಿ. ಕೆಲಸ ಸ್ವಲ್ಪ ನಿಧಾನವಾದೀತು, ಕುಟುಂಬ ಗಟ್ಟಿಯಾದೀತು.

ಮೂರು, ಕೆಲಸ ಕೆಳಗಿಡಲು ನಮಗೆ ಗೊತ್ತೇ? ಶುಭಸಂದೇಶಗಳಲ್ಲಿ ಜೋಸೆಫರ ಒಂದು ಮಾತೂ ದಾಖಲಾಗಿಲ್ಲ. ಆದರೆ ದೇವರು ನಾಲ್ಕು ಬಾರಿ ಅವರನ್ನು ಕನಸಿನಲ್ಲಿ ಎಚ್ಚರಿಸಿ ನಡೆಸಿದರೆಂದು ಮತ್ತಾಯ ಬರೆಯುತ್ತಾನೆ. ದುಡಿದು ಮಲಗಿದವನ ಮೌನದಲ್ಲಿ ದೇವರಿಗೆ ಜಾಗವಿತ್ತು. 2015ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಮನಿಲಾದಲ್ಲಿ ಕುಟುಂಬಗಳನ್ನು ಉದ್ದೇಶಿಸಿ ಮಾತನಾಡುತ್ತಾ, ಮಲಗಿರುವ ಜೋಸೆಫರ ಪ್ರತಿಮೆ ತಮ್ಮ ಮೇಜಿನ ಮೇಲಿದೆಯೆಂದೂ, ಕಷ್ಟ ಬಂದಾಗ ಅದನ್ನು ಚೀಟಿಯಲ್ಲಿ ಬರೆದು ಪ್ರತಿಮೆಯ ಕೆಳಗಿಡುತ್ತೇವೆಂದೂ ಹೇಳಿದ್ದರು. ಪ್ರತಿ ವರ್ಷ ಪಾಸ್ಕಹಬ್ಬಕ್ಕೆ ಜೋಸೆಫರು ಕುಟುಂಬದೊಡನೆ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಲೂಕ ತಿಳಿಸುತ್ತಾನೆ. ಅದು 100 ಕಿ.ಮೀ.ಗೂ ಮೀರಿದ ದಾರಿ. ದಿನದ ದುಡಿಮೆಯನ್ನೇ ನಂಬಿದ ಕುಟುಂಬ ಅಷ್ಟು ದಿನ ಉಳಿ ಸುತ್ತಿಗೆ ಕೆಳಗಿಟ್ಟಿತು. ನಾವು ಭಾನುವಾರದ ಒಂದು ಬಲಿಪೂಜೆಗೆ ಗುದ್ದಲಿ ಕೆಳಗಿಡಲಾರೆವೇ? ದೇವರು ಕೊಟ್ಟ ವಿಶ್ರಾಂತಿ ದಿನ ಯಜಮಾನನಿಗೆ ಮಾತ್ರವಲ್ಲ, ಆಳಿಗೂ ದನಕರುಗಳಿಗೂ ಸಲ್ಲಬೇಕೆಂಬುದು ವಿಮೋಚನಕಾಂಡದ ಆಜ್ಞೆ.

ಪ್ರಿಯರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪೀಠಕ್ಕೆ ತರುತ್ತೇವೆ. ಬರೀ ಗೋಧಿಯನ್ನಲ್ಲ, ಬರೀ ದ್ರಾಕ್ಷಿಯನ್ನಲ್ಲ. ಯಾರೋ ಬೆಳೆದು, ಬೀಸಿ, ಸುಟ್ಟದ್ದನ್ನು, ಯಾರೋ ಹಿಂಡಿದ್ದನ್ನು ತರುತ್ತೇವೆ. ಮನುಷ್ಯರ ಬೆವರು ಸೇರಿದ ಈ ಕಾಣಿಕೆಯೇ ಕ್ರಿಸ್ತರ ಶರೀರ ರಕ್ತವಾಗುತ್ತದೆ. ಈ ವಾರದ ನಿಮ್ಮ ದುಡಿಮೆಯನ್ನೂ ಅದರ ಜೊತೆಗಿಡಿ. ಹೆಂಚಿನ ಕೆಲಸ ಮುಗಿಯದಿದ್ದರೂ ಇಡಿ, ಆಯಾಸವನ್ನೂ ಇಡಿ. ಕೂಲಿ ಬಾಕಿಯಿದ್ದರೆ ಮಾತ್ರ, ಹಬ್ಬದ ಊಟಕ್ಕೆ ಕೂರುವ ಮುಂಚೆ ಕೊಟ್ಟು ಬನ್ನಿ.

ದುಡಿಯುವ ಎಲ್ಲ ಕೈಗಳನ್ನೂ ಸಂತ ಜೋಸೆಫರ ಬಿನ್ನಹದ ಮೂಲಕ ದೇವರು ಆಶೀರ್ವದಿಸಲಿ. ಆಮೆನ್.