ಸ್ಪ್ರೇಯರ್ ಎಂಜಿನ್ನು: ಜೆಟ್ಟಿನ ಹದ, ಪ್ಲಗ್ಗಿನ ಆಯ್ಕೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈಗ ಬೆನ್ನಿಗೆ ಹೊರುವ ಪೆಟ್ರೋಲ್ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ ಎಲ್ಲ ಊರಿಗೂ ಬಂದಿವೆ. ಇವುಗಳಲ್ಲಿ ಹಲವು ಟೂ ಸ್ಟ್ರೋಕ್ ಎಂಜಿನ್ನಿನವು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವಂಥವು. ಈ ಎಂಜಿನ್ನಿನ ಹದದ ವಿಚಾರ ಇವತ್ತಿನ ಮಾತು. ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಹನೂರು ಕಡೆಯ ಒಂದು ಮನೆಯವರ ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿದ್ದಿತ್ತು. 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಈ ಹುಳು ಸುಳಿಯೊಳಗೆ ಸೇರಿದರೆ ದಿನ ಕಾಯುವ ಹಾಗಿಲ್ಲ. "ಸಾರ್, ಮಿಷನ್ನು ಬರೀ ಹೊಗೆ ಉಗುಳ್ತದ, ಪೆಟ್ರೋಲು ಕುಡೀತದ" ಎಂದರು. ನಾನು ಬೇರೇನೂ ನೋಡದೆ ಕಾರ್ಬೊರೇಟರಿನ ಸೂಜಿಯನ್ನು ಎರಡು ಗೀರು ಇಳಿಸಿದೆ. ಹೊಗೆ ನಿಂತಿತು. ಎಲ್ಲರಿಗೂ ಸಂತೋಷ. ಮೂರನೆಯ ದಿನ ಮನೆಯಾಕೆ ಗಾಳಿ ಶೋಧಕದಲ್ಲಿ ಧೂಳು ಕಟ್ಟಿರುವುದನ್ನು ಕಂಡು ತೊಳೆದು ಹಾಕಿದರು. ಮಾರನೆಯ ದಿನ ಅರ್ಧ ಹೊಲ ಹೊಡೆಯುವಷ್ಟರಲ್ಲಿ ಪಿಸ್ಟನ್ ಕಚ್ಚಿಕೊಂಡು ಎಂಜಿನ್ನು ನಿಂತೇಹೋಯಿತು. "ನಾ ತೊಳ್ದದ್ದೇ ತಪ್ಪಾಯ್ತಾ ಸಾರ್?" ಎಂದು ಆ ತಾಯಿ ಕೇಳಿದರು. ಇಲ್ಲ ತಾಯಿ, ನೀವು ಮಾಡಿದ್ದೇ ಸರಿ, ತಪ್ಪು ನನ್ನದು.

ಹೇಗೆ ಅಂತೀರೋ? ನಮ್ಮ ಒಲೆಯನ್ನೇ ನೋಡಿ. ಸೌದೆ ತುರುಕಿ ಗಾಳಿ ಕಟ್ಟಿದರೆ ಹೊಗೆ; ಗಾಳಿ ಹೆಚ್ಚಾಗಿ ಸೌದೆ ಕಮ್ಮಿಯಾದರೆ ಉರಿ ಬೇರೆ. ಶೋಧಕ ಮುಚ್ಚಿಕೊಂಡು ಗಾಳಿ ಕಡಮೆಯಾಗಿದ್ದರಿಂದ ಹೊಗೆ ಬರುತ್ತಿತ್ತು. ನಾನು ಪೆಟ್ರೋಲನ್ನು ಕಡಮೆ ಮಾಡಿದೆ. ಆಮೇಲೆ ಗಾಳಿ ಪೂರಾ ಬಂದಾಗ ಪೆಟ್ರೋಲು ಸಾಲದಾಯಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದೂ ಪೆಟ್ರೋಲಿನ ಜೊತೆಯಲ್ಲೇ. ಆದ್ದರಿಂದ ಶಾಖವೂ ಏರಿತು, ಜಿಡ್ಡೂ ತಪ್ಪಿತು.

ಈ ಕಾರಣ, ಕೆಳಗಿನ ಕ್ರಮವನ್ನು ತಪ್ಪದೆ ಅನುಸರಿಸತಕ್ಕದ್ದು.

ಒಂದು: ಎಣ್ಣೆಯ ಅಳತೆ. ಯಂತ್ರದ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ ಲೀಟರು, 50ಕ್ಕೆ 1 ಎಂದಿದ್ದರೆ 20 ಮಿಲಿ ಲೀಟರು ಟೂ ಟಿ ಎಣ್ಣೆ. ಕಣ್ಣಂದಾಜು ಬೇಡ.

ಎರಡು: ಸ್ಪಂಜಿನ ಶೋಧಕವಾದರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ ಹಾಕಿ. ಕಾರ್ಬೊರೇಟರಿನ ಕೂಡುಗೆಯಲ್ಲಿ ಗಾಳಿ ಸೋರುತ್ತಿದೆಯೋ ನೋಡಿ.

ಮೂರು: ಪ್ಲಗ್ಗನ್ನು ಓದಿ. ಕೆಲಸದ ವೇಗದಲ್ಲಿ ಒಂದೆರಡು ನಿಮಿಷ ಓಡಿಸಿ, ಥಟ್ಟನೆ ನಿಲ್ಲಿಸಿ, ಆರಿದ ಮೇಲೆ ಬಿಚ್ಚಿ. ತುದಿ ತಿಳಿ ಕಂದು ಬಣ್ಣವಿದ್ದರೆ ಹದ ಸರಿ. ಕಪ್ಪು ಮಸಿಯಾದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಕಮ್ಮಿ. ಯಂತ್ರವನ್ನು ಮುಂದೆ ಓಡಿಸಬೇಡಿ.

ನಾಲ್ಕು: ಇಷ್ಟಾದ ಮೇಲೇ ಸೂಜಿ, ಜೆಟ್ಟು. ಕ್ಲಿಪ್ಪನ್ನು ಮೇಲಿನ ಗೀರಿಗೆ ಹಾಕಿದರೆ ಸೂಜಿ ಇಳಿದು ಪೆಟ್ರೋಲು ಕಮ್ಮಿಯಾಗುತ್ತದೆ. ಕೆಳಗಿನ ಗೀರಿಗೆ ಹಾಕಿದರೆ ಹೆಚ್ಚುತ್ತದೆ. ಸಲಕ್ಕೆ ಒಂದೇ ಗೀರು. ಮತ್ತೆ ಪ್ಲಗ್ಗು ನೋಡಿ. ಪೂರಾ ವೇಗಕ್ಕೆ ಮುಖ್ಯವಾದದ್ದು ದೊಡ್ಡ ಜೆಟ್ಟು. ಕಸ ಕಟ್ಟಿದರೆ ಗಾಳಿಯಿಂದ ಊದಿ ತೆಗೆಯಿರಿ. ತಂತಿ ಚುಚ್ಚಿದರೆ ತೂತು ಹಿಗ್ಗಿ ಅಳತೆ ಕೆಡುತ್ತದೆ. ಪೆಟ್ರೋಲು ಉಳಿಯಲೆಂದು ಚಿಕ್ಕ ಜೆಟ್ಟು ಹಾಕಿಸುವುದು ಬೀಜದ ಕಾಳನ್ನು ತಿಂದಂತೆ.

ಐದು: ಪ್ಲಗ್ಗಿನ ಆಯ್ಕೆ. ಶಾಖವನ್ನು ಬೇಗ ಬಿಟ್ಟುಕೊಡುವುದು ತಣ್ಣನೆಯ ಪ್ಲಗ್ಗು, ಹಿಡಿದಿಟ್ಟುಕೊಳ್ಳುವುದು ಬಿಸಿ ಪ್ಲಗ್ಗು. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಣ್ಣಗೆ. ಬಾಷ್‌ನಲ್ಲಿ ಇದಕ್ಕೆ ತಿರುಗಾಮುರುಗಾ. ಆದ್ದರಿಂದ ಅಂಗಡಿಯಲ್ಲಿ ಬರೀ ಸಂಖ್ಯೆ ಹೇಳಬೇಡಿ. ಹಳೆಯ ಪ್ಲಗ್ಗನ್ನೂ ಪುಸ್ತಕವನ್ನೂ ಒಯ್ಯಿರಿ. ಮರೆಯ ಉದ್ದ ಹೆಚ್ಚಾದರೆ ಪಿಸ್ಟನ್ನಿಗೇ ಬಡಿದೀತು. ತುದಿಯ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿಲಿ ಮೀಟರು. ಮಸಿ ಹಿಡಿಯುತ್ತದೆಂದು ಬಿಸಿ ಪ್ಲಗ್ಗು ಹಾಕುವುದು ರೋಗ ಬಿಟ್ಟು ಬೇರೆಯದಕ್ಕೆ ಮದ್ದು ಕೊಟ್ಟಂತೆ.

ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ. ಕೆಲಸ ಮುಗಿದು ಯಂತ್ರವನ್ನು ಎತ್ತಿಡುವಾಗ ಟ್ಯಾಂಕು, ಕಾರ್ಬೊರೇಟರು ಎರಡನ್ನೂ ಬರಿದು ಮಾಡಿ. ಹಾಗೆಯೇ ಬೆಟ್ಟದ ಮೇಲೆ ಗಾಳಿ ತೆಳುವಾದ್ದರಿಂದ ಕೆಳಗಿನ ಹದವೇ ಅಲ್ಲಿ ಹೊಗೆ ಕೊಡಬಹುದು. ಅಲ್ಲಿ ಕಡಮೆ ಮಾಡಿದ ಪೆಟ್ರೋಲನ್ನು ಕೆಳಗೆ ಇಳಿದ ಕೂಡಲೆ ಮೊದಲಿನಂತೆ ಮಾಡುವುದನ್ನು ಮರೆಯಬೇಡಿ.

ಆ ಮನೆಯವರು ಉಳಿದರ್ಧ ಹೊಲಕ್ಕೆ ಕೈ ಪಂಪಿನಲ್ಲಿ ಔಷಧಿ ಹೊಡೆದರು. ಹೊಡೆದು ಮುಗಿಸುವ ಹೊತ್ತಿಗೆ ಒಂದಷ್ಟು ಸಾಲುಗಳ ಸುಳಿ ಹೋಗಿತ್ತು. ಹೊಗೆ ಕಂಡೊಡನೆ ತಿರುಪು ಮುಟ್ಟಬೇಡಿ. ಶೋಧಕವನ್ನು ಮೊದಲು ಬಿಚ್ಚಿ ನೋಡಿ. ನಾನೂ ಈಗ ಹಾಗೆಯೇ ಮಾಡುತ್ತೇನೆ.